ಪವಿಯನ್ನು ನೋಡಲು ಕೋಚ್ ಬಂದ ಭಾನುವಾರ

ಇದು ಶುರುವಾದದ್ದು ಅಕ್ಟೋಬರ್ ಕಡೆಯ ಭಾನುವಾರ, ಮುಂಜಾನೆ ಆರೂವರೆಗೆ. ಅಥವಾ ಏಳೂವರೆಗೆ. ಆ ದಿನ ಈ ಜರ್ಮನಿ ದೇಶದವರು ಎಲ್ಲ ಗಡಿಯಾರಗಳನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಚಳಿಗಾಲ ಬಂತು ಅಂತ. ಸೂರ್ಯನನ್ನು ಕೇಳುವುದಿಲ್ಲ, ದನಕರುಗಳನ್ನು ಕೇಳುವುದಿಲ್ಲ, ತಿರುಗಿಸಿಯೇ ಬಿಡುತ್ತಾರೆ. ಹೀಗಾಗಿ ಎಲ್ಲರ ಕೈಗೂ ಒಂದು ತಾಸು ಪುಕ್ಕಟೆ ಸಿಗುತ್ತದೆ. ಶಾಣ್ಯಾರು ಅದನ್ನು ನಿದ್ದೆಗೆ ಹಾಕುತ್ತಾರೆ. ನನ್ನ ಮಗ ಸುನಿಲಕುಮಾರ ಅದನ್ನು ವಾಟ್ಸಾಪಿಗೆ ಹಾಕಿದ.

ಎರ್ಲಾಂಗೆನ್ ಕನ್ನಡ ಬಳಗದ ಗುಂಪಿನಲ್ಲಿ ಅವನು ಬರೆದದ್ದು ಇಷ್ಟೇ: "ಅಮೆರಿಕದ ಬಹಳ ಕಠಿಣ ಯೂನಿವರ್ಸಿಟಿಯೊಂದರವರು ನಮ್ಮ ಪವಿಯನ್ನು ನೋಡಲು ಜನವರಿಯಲ್ಲಿ ಖುದ್ದು ಮನೆಗೆ ಬರುತ್ತಿದ್ದಾರೆ. ತಮ್ಮೆಲ್ಲರ ಆಶೀರ್ವಾದ ಇರಲಿ."

ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಶಬ್ದ ಮಾತ್ರ ಒಂದು ಕಡಿಮೆ ಇತ್ತು. ಆ ಶಬ್ದ ಫುಟ್‌ಬಾಲ್.

ಈ ಫುಟ್‌ಬಾಲ್ ಕಾಲಿನಿಂದ ಒದೆಯುವುದಲ್ಲ, ಅಮೆರಿಕದವರದು. ಚೆಂಡು ಬದನೆಕಾಯಿ ಆಕಾರದ್ದು. ನನ್ನ ಮೊಮ್ಮಗ ಪವಿ ಆರು ವರ್ಷದಿಂದ ಇಲ್ಲಿಯ ಕ್ಲಬ್ಬಿನಲ್ಲಿ ಅದನ್ನು ಆಡುತ್ತಾನೆ. ಆಡುತ್ತಾನೆ ಅಂದರೂ ಚೆಂಡನ್ನು ಮುಟ್ಟುವುದಿಲ್ಲ, ಮುಟ್ಟಬಾರದು. ಚೆಂಡು ಹಿಡಿದವನು ಹಿಂದೆ ನಿಂತಿರುತ್ತಾನೆ, ಅವನನ್ನು ಕೆಡವಲು ಎದುರಿನಿಂದ ಗೂಳಿಗಳಂಥವರು ನುಗ್ಗುತ್ತಾರೆ, ನಡುವೆ ನಿಂತು ಅವರನ್ನು ದಬ್ಬುವುದು ಪವಿಯ ಕೆಲಸ. ಮ್ಯಾಚು ಮುಗಿದ ಮೇಲೆ ಎಲ್ಲರೂ ಚೆಂಡು ಹಿಡಿದವನನ್ನು ಎತ್ತಿ ಕುಣಿಸುತ್ತಾರೆ. ಪವಿ ಬಂದು ಒಂದು ಪಾತೇಲಿ ಅನ್ನ ಉಣ್ಣುತ್ತಾನೆ. ಮರ್ಯಾದೆಯ ಕೆಲಸ ಅದು, ನನ್ನನ್ನು ಕೇಳಿದರೆ.

ನನ್ನನ್ನು ಯಾರೂ ಕೇಳಲಿಲ್ಲ.

ಸುನಿಲನಿಗೆ ಆ ಶಬ್ದ ಬರೆಯಲು ಬೆರಳು ಏಳದಿದ್ದಕ್ಕೆ ಕಾರಣ ದ್ವಾರಕನಾಥ. ಇವರು ಮೈಸೂರು ಕಡೆಯವರು, ಸಾಫ್ಟ್‌ವೇರಿನವರು, ಬಳಗದ ಅಧ್ಯಕ್ಷರು. ಇವರ ಮಗ ಸ್ವರೂಪ್ ಶಾಲೆಯಲ್ಲಿ ಒಂದು ತೆಗೆಯುವ ಹುಡುಗ. ಈ ದೇಶದಲ್ಲಿ ಅಂಕ ಕಡಿಮೆ ಬಂದಷ್ಟೂ ಜಾಣ. ಒಂದು ಬಂದರೆ ಪಂಡಿತ, ಐದು ಬಂದರೆ ದಡ್ಡ. ಪವಿಗೆ ಒಂದೂವರೆ ಬರುತ್ತಿತ್ತು, ಅದೂ ವಾರಕ್ಕೆ ನಾಲ್ಕು ಸಂಜೆ ಕೆಸರಿನಲ್ಲಿ ಹೊರಳಾಡಿ ಬಂದ ಮೇಲೆ. ಆದರೆ ಬಳಗದ ಯುಗಾದಿ ಊಟದಲ್ಲಿ ದ್ವಾರಕನಾಥರು ಎಲ್ಲರೆದುರು ಕೇಳಿದ್ದರು: "ಏನ್ ಸುನಿಲ್, ಮಗ ಇನ್ನೂ ಚೆಂಡಾಡ್ಕೊಂಡೇ ಇದಾನಾ?" ಸುನಿಲ ನಕ್ಕು ಪಲ್ಯ ಬಡಿಸಿದ್ದ. ಆ ನಗು ಆರು ತಿಂಗಳು ಅವನ ಹೊಟ್ಟೆಯಲ್ಲಿ ಕೂತಿತ್ತು.

ಸಂದೇಶ ಹೋದ ಮೇಲೆ ಆಶೀರ್ವಾದಗಳು ಸುರಿದವು. ಯಾರೋ ಪವಿಯನ್ನು ಪುಟ್ಟ ವಿಜ್ಞಾನಿ ಅಂದರು. ಪುಟ್ಟ ವಿಜ್ಞಾನಿಯ ತೂಕ ಆಗ ನೂರಾ ಮೂವತ್ತು ಕಿಲೋ. ಮುಧೋಳದಿಂದ ನನ್ನ ತಂಗಿ ಗೌರಕ್ಕ ಫೋನು ಮಾಡಿದಳು.

"ಅಣ್ಣಾ, ಹುಡುಗನ್ನ ನೋಡಾಕ ಬರಾಕತ್ತಾರಂತ? ಹುಡುಗಿ ಏನ್ ಓದ್ಯಾಳ?"

"ಹುಡುಗಿ ಇಲ್ಲವ್ವಾ. ಯೂನಿವರ್ಸಿಟಿ."

"ಹುಡುಗಿ ಇಲ್ದ ಯಾಕ ಮನೀಗೆ ಬರ್ತಾರ? ಸರಿಯಾಗಿ ವಿಚಾರಸ್ರಿ. ಈಗಿನ ಕಾಲ ನೆಟ್ಟಗಿಲ್ಲ."

ಜನವರಿಯ ಮೂರನೆಯ ಭಾನುವಾರ ಮಧ್ಯಾಹ್ನ ಕೋಚ್ ಬಂದ. ಹೆಸರು ಮೆರಿಲ್. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದ, ಅಷ್ಟು ಅಗಲ. ನಮ್ಮ ಮನೆಯ ಪದ್ಧತಿ ನೋಡಿ ಬೂಟು ಬಿಚ್ಚಿದ. ನಮ್ಮ ಚಪ್ಪಲಿಗಳ ನಡುವೆ ಆ ಬೂಟುಗಳು ದಡಕ್ಕೆ ಎಳೆದ ದೋಣಿಗಳ ಹಾಗೆ ಕಂಡವು. ನನ್ನ ಹೆಂಡತಿ ಸಾವಿತ್ರವ್ವ ಎರಡು ದಿನದಿಂದ ಶೇಂಗಾ ಹೋಳಿಗೆ ಮಾಡಿದ್ದಳು, ಮಿರ್ಚಿ ಭಜಿ ಕರಿದಿದ್ದಳು. ಕೋಚ್ ನಾಚಿಕೆ ಪಡದೆ ತಿಂದ. ಅಲ್ಲಿಗೆ ಸಾವಿತ್ರವ್ವನ ಮಟ್ಟಿಗೆ ಸಂದರ್ಶನ ಮುಗಿದಿತ್ತು.

ಅವನ ಇಂಗ್ಲಿಷನ್ನು ಸೊಸೆ ಮೇಘಾ ನಮಗೆ ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ನಮ್ಮ ಕನ್ನಡವನ್ನು ಅವನಿಗೆ ಗಟ್ಟಿಯಾಗಿ ಇಂಗ್ಲಿಷು ಮಾಡಿ ಹೇಳುತ್ತಿದ್ದಳು. ಮೇಘಾ ಎಂಜಿನಿಯರು, ಒಂದು ಶಬ್ದ ಬಿಡುವವಳಲ್ಲ. ಅದೇ ಮುಂದೆ ತೊಂದರೆಗೆ ಬಂತು.

ಕೋಚ್ ಕೈ ಒರೆಸಿಕೊಂಡು ಹೇಳಿದ: "ನಮ್ಮಲ್ಲಿ ಫುಟ್‌ಬಾಲ್ ಆಡುವವನಿಗೂ ಬೇರೆಯವರಿಗೂ ಪರೀಕ್ಷೆ ಒಂದೇ. ಅಡ್ಮಿಷನ್ ಆಫೀಸಿನವರು ಪುಸ್ತಕದ ಹುಳುಗಳು, ಆಟಕ್ಕೆ ಕರಗುವವರಲ್ಲ. ಪವಿಯ ಅಂಕಗಳನ್ನು ಅವರು ನೋಡಿದ್ದಾರೆ, ನಡೆಯುತ್ತದೆ ಅಂದಿದ್ದಾರೆ. ಈಗ ಒಂದೇ ಜಾಗ ಉಳಿದಿದೆ, ಒಂದೇ ಹೆಸರು ನಾನು ಕೊಡಬಹುದು. ಇವತ್ತು ಇಲ್ಲಿ ನೋಡುತ್ತೇನೆ. ಸಂಜೆ ಸ್ಟುಟ್‌ಗಾರ್ಟಿನಲ್ಲಿ ಇನ್ನೊಬ್ಬ ಹುಡುಗನನ್ನು ನೋಡುತ್ತೇನೆ. ರಾತ್ರಿ ಹೆಸರು ಕಳಿಸುತ್ತೇನೆ."

ಪವಿ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಆ ಹುಡುಗ ಹನ್ನೆರಡನೆಯ ವಯಸ್ಸಿನಿಂದ ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದು ಇದೊಂದನ್ನೇ.

ಅಷ್ಟರಲ್ಲಿ ಬೆಲ್ಲು ಹೊಡೆಯಿತು. ದ್ವಾರಕನಾಥರು! ಒಂದು ಕೈಯಲ್ಲಿ ಸ್ವರೂಪ್, ಇನ್ನೊಂದು ಕೈಯಲ್ಲಿ ಸ್ವರೂಪನ ಫೈಲು.

"ಈ ಕಡೆ ಹೋಗ್ತಾ ಇದ್ವಿ ಸುನಿಲ್, ಹಾಗೇ ಬಂದ್ವಿ. ಓಹೋ, ಪ್ರೊಫೆಸರ್ ಸಾಹೇಬ್ರು ಬಂದೇಬಿಟ್ರಾ!"

ಸುನಿಲನ ಮುಖ ಹಳೇ ಗೋಡೆಯ ಬಣ್ಣಕ್ಕೆ ತಿರುಗಿತು. ದ್ವಾರಕನಾಥರು ನನ್ನ ಪಕ್ಕದಲ್ಲೇ ಕೂತರು. ಸ್ವರೂಪ್ ಎಲ್ಲಿ ಕೂತರೂ ಕಾಣದಷ್ಟು ಸಣಕಲ. ಪಾಪ, ಒಳ್ಳೆ ಹುಡುಗ. ಪವಿಯ ಬೆನ್ನಿಗೆ ಒಂದು ಗುದ್ದಿ, "ಟೆನ್ಶನ್ ಬೇಡ ಮಗಾ" ಅಂದ.

ಕೋಚ್ ಇವರೂ ಮನೆಯವರೇ ಅಂದುಕೊಂಡು ಕೈಕುಲುಕಿ, ಪವಿಯನ್ನು ಹೊಗಳಲು ಶುರುಮಾಡಿದ. ಅನಾಹುತ ಶುರುವಾದದ್ದೂ ಅಲ್ಲೇ. ನಮ್ಮ ಕಡೆ ಹೊರಗಿನವರು ನಮ್ಮ ಕೂಸನ್ನು ಹೊಗಳಿದರೆ ಒಪ್ಪಿಕೊಂಡು ಕೂಡುವ ಪದ್ಧತಿಯಿಲ್ಲ. ತಕ್ಷಣ ತೆಗಳಬೇಕು. ಅವರು ಒಂದು ಮೊಳ ಎತ್ತಿದರೆ ನಾವು ಎರಡು ಮೊಳ ಇಳಿಸಬೇಕು. ಇಲ್ಲದಿದ್ದರೆ ಕೂಸಿಗೆ ದೃಷ್ಟಿ ಆಗುತ್ತದೆ, ಹೆತ್ತವರಿಗೆ ಸೊಕ್ಕು ಅನ್ನುತ್ತಾರೆ. ಬಂದವರಿಗೂ ಇದು ಗೊತ್ತಿರುತ್ತದೆ, ಅವರು ತೆಗಳಿಕೆಯನ್ನು ಹೊಗಳಿಕೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಈ ವಿಷಯ ಅಮೆರಿಕಕ್ಕೆ ಇನ್ನೂ ಮುಟ್ಟಿರಲಿಲ್ಲ.

ಕೋಚ್ ಅಂದ: "ಇವನನ್ನು ನಿಂತ ಜಾಗದಿಂದ ಯಾರೂ ಅಲ್ಲಾಡಿಸಲಾರರು."

ಮೇಘಾ ಅಂದಳು: "ಹಾಸಿಗಿಯಿಂದನೂ ಅಲ್ಲಾಡಸಾಕ ಆಗಂಗಿಲ್ರಿ. ಹತ್ತು ಸಲ ಎಬ್ಬಸಬೇಕು."

ಕೋಚ್ ಬರೆದುಕೊಂಡ.

"ಬಹಳ ಶ್ರಮಜೀವಿ ಅಂತ ಕ್ಲಬ್ಬಿನವರು ಹೇಳಿದರು."

"ಎಲ್ಲೀದ್ರಿ ಸರ್," ಅಂದ ಸುನಿಲ. "ಮೈಗಳ್ಳ. ಅವರು ಸುಮ್ನ ಹೇಳ್ಯಾರ."

ಕೋಚ್ ಅದನ್ನೂ ಬರೆದುಕೊಂಡ. "ಧೈರ್ಯವಂತ, ಅದಂತೂ ನಾನೇ ನೋಡಿದ್ದೇನೆ."

ಸಾವಿತ್ರವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. "ಧೈರ್ಯ! ಇಂಜೆಕ್ಷನ್ ಅಂದ್ರ ಮಂಚದ ಕೆಳಗ ಹೋಗ್ತಾನ." ಮೇಘಾ ಅದನ್ನು ಮಂಚದ ಸಮೇತ ಇಂಗ್ಲಿಷಿಗೆ ಇಳಿಸಿದಳು.

ಪವಿ ಜರ್ಮನಿನಲ್ಲಿ ಹಲ್ಲು ಕಚ್ಚಿಕೊಂಡು ಏನೋ ಅಂದ, ಸಾಕು ಮಾಡ್ರಿ ಅಂತ. ಯಾರೂ ಮಾಡಲಿಲ್ಲ.

ಕೋಚ್ ನನ್ನ ಕಡೆ ತಿರುಗಿದ. "ಅಜ್ಜಾವರೇ, ನೀವೇನು ಹೇಳುತ್ತೀರಿ?"

ನನಗೆ ಮೊಮ್ಮಗನ ಮೇಲೆ ಬಹಳ ಜೀವ. ಹಾಗಾಗಿ ನಮ್ಮ ಕಡೆಯ ಅತಿ ದೊಡ್ಡ ಮಾತನ್ನೇ ಆಡಿದೆ. "ಇದ್ದಾನ. ನಡೀತೈತಿ."

ಇಂಗ್ಲಿಷಿಗೆ ಹೋಗಿ ಅದು ಏನಾಯಿತೋ, ಕೋಚ್ ಪೆನ್ನಿನ ತುದಿ ಕಚ್ಚಿಕೊಂಡು ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ, ಮನೆಯವರು ಇಷ್ಟು ತುಳಿದಿರುವ ಹುಡುಗನಿಗೆ ತಾನಾದರೂ ನ್ಯಾಯ ಕೊಡಬೇಕು ಅನಿಸಿತೋ ಏನೋ, ಎದ್ದು ನಿಂತು ಪವಿಯ ಹೆಗಲು ತಟ್ಟಿದ. ಅಂಗೈ ಅಳೆದ, ಕಾಲು ತೋರಿಸಿದ. "ಇಪ್ಪತ್ತು ವರ್ಷದಿಂದ ಹುಡುಗರನ್ನು ನೋಡುತ್ತಿದ್ದೇನೆ. ಇಂಥ ಕಾಲು ಎರಡು ಸಲ ನೋಡಿರಬೇಕು."

ದ್ವಾರಕನಾಥರು ನನ್ನ ಕಿವಿಯ ಹತ್ತಿರ ಬಂದರು. "ಕಾಲಾ? ವಿಜ್ಞಾನಕ್ಕೆ ಕಾಲ್ಯಾಕೆ ಯಜಮಾನ್ರೇ?"

"ಲ್ಯಾಬಿನ್ಯಾಗ ನಿಂತss ಇರಬೇಕಲ್ರಿ," ಅಂದೆ. ಅವರು ಸ್ವರೂಪನ ಕಾಲು ನೋಡಿ ಚಿಂತೆಗೆ ಬಿದ್ದರು.

ಇತ್ತ ಸಾವಿತ್ರವ್ವನಿಗೆ ತಡೆಯಲಾಗಲಿಲ್ಲ. ಇಷ್ಟು ಹೊಗಳಿಕೆ, ಅದೂ ಹೆಸರು ಹಿಡಿದು, ಮೈಮುಟ್ಟಿ, ನೀಲಿ ಕಣ್ಣಿನವನಿಂದ! ಪವಿಯ ಕಡೆ ತಿರುಗಿ ಥೂ ಥೂ ಥೂ ಅಂದಳು. ಕೋಚ್ ಒಂದು ಹೆಜ್ಜೆ ಹಿಂದೆ ಸರಿದ. ಅಜ್ಜಿ ಮೊಮ್ಮಗನ ಮೇಲೆ ಉಗುಳಿದಳು ಅಂತ ಅವನು ತಿಳಿದ. ತಿಳಿಸಿ ಹೇಳಲು ಮೇಘಾಗೆ ಬಾಯಿ ಬರುವಷ್ಟರಲ್ಲಿ ಸಾವಿತ್ರವ್ವ ಅಡುಗೆಮನೆಗೆ ಹೋಗಿ ಹಿಡಿ ಉಪ್ಪು, ಹಿಡಿ ಬ್ಯಾಡಗಿ ಮೆಣಸಿನಕಾಯಿ ತಂದು ಪವಿಯ ಸುತ್ತ ನಿವಾಳಿಸಿ, "ಬಂದವರ ಕಣ್ಣು, ನಿಂದವರ ಕಣ್ಣು, ಬೂಟು ಬಿಚ್ಚಿದವರ ಕಣ್ಣು" ಅಂತ ಒಯ್ದು ಕಾದ ಹಂಚಿನ ಮೇಲೆ ಸುರಿದಳು.

ಈ ದೇಶದ ಪ್ರತಿ ಮನೆಯ ಮೇಲ್ಚಾವಣಿಗೆ ಒಂದು ಬಿಳಿ ಬಿಲ್ಲೆ ಅಂಟಿಸಿರುತ್ತಾರೆ, ಹೊಗೆ ಕಂಡರೆ ಕೂಗಲು. ಅದಕ್ಕೆ ಬೆಂಕಿಯ ಹೊಗೆ ಯಾವುದು, ದೃಷ್ಟಿಯ ಹೊಗೆ ಯಾವುದು ತಿಳಿಯುವುದಿಲ್ಲ. ಕೂಗಿತು. ಅದರ ಕೂಗು ಕೇಳಿ ಪಕ್ಕದ ಕೋಣೆಯದೂ ಕೂಗಿತು. ಘಾಟಿಗೆ ಎಲ್ಲರಿಗೂ ಕೆಮ್ಮು. ಕೋಚ್ ತಾನು ಬರೆದುಕೊಂಡ ಹಾಳೆಗಳನ್ನು ಮೂಗಿಗೆ ಹಿಡಿದು, ಒಂದು ಕೈಯಲ್ಲಿ ಬೂಟು ಹಿಡಿದು ಮೆಟ್ಟಿಲಿಗೆ ಓಡಿದ. ಹಿಂದೆ ನಾವೆಲ್ಲ. ಪವಿ ಮಾತ್ರ ಸ್ಟೂಲಿನ ಮೇಲೆ ಹತ್ತಿ ಬಿಲ್ಲೆಗಳನ್ನು ಕಿತ್ತು ಬಾಯಿ ಮುಚ್ಚಿಸಿ, ಕಿಟಕಿ ತೆರೆದು, ಅಜ್ಜಿಯನ್ನು ಎತ್ತಿಕೊಂಡೇ ಕೆಳಗೆ ಬಂದ.

ಕೆಳಗೆ ಹೊರಬಾಗಿಲಲ್ಲಿ ನೆಲಮಹಡಿಯ ಹೆಂಗಸು ಫ್ರಾವ್ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್, ನಿಂತಿದ್ದರು. ಇಲ್ಲಿ ಭಾನುವಾರ ಅಂದರೆ ಸದ್ದು ಮಾಡಬಾರದ ದಿನ. ಮೊಳೆ ಹೊಡೆಯಬಾರದು, ಕಸದ ಡಬ್ಬಿಗೆ ಬಾಟಲಿ ಎಸೆಯಬಾರದು, ಜೋರಾಗಿ ಸಂತೋಷ ಪಡಬಾರದು. ಆ ನಿಯಮದ ದೇವಿಯೇ ಈಕೆ.

"ಹೆರ್ ಹಾಲಸಿದ್ದಪ್ಪ!" ಅಂದರು. ಹೆರ್ ಅಂದರೆ ಶ್ರೀಯುತ. ಹಾಲಸಿದ್ದಪ್ಪ ನನ್ನ ಹೆಸರು, ಆದರೆ ಇಲ್ಲಿ ಅಪ್ಪನ ಹೆಸರನ್ನೇ ಅಡ್ಡಹೆಸರು ಮಾಡಿ ನನ್ನ ಮಗನನ್ನು ಹಾಗೆ ಕರೆಯುತ್ತಾರೆ. "ಇವತ್ತು ಭಾನುವಾರ!"

"ಸಾರಿ ಫ್ರಾವ್ ಕೆಲ್ಲರ್, ಸಾರಿ, ಸಾರಿ," ಅಂತ ಸುನಿಲ ಸೊಂಟ ಬಗ್ಗಿಸಿದ. ಇಷ್ಟು ವರ್ಷದಲ್ಲಿ ಆ ಹೆಂಗಸಿನ ಮುಂದೆ ಅವನ ಸೊಂಟ ನೆಟ್ಟಗಿದ್ದದ್ದು ನಾನು ಕಂಡಿಲ್ಲ.

ಇದೇ ಸಮಯ ಅಂತ ದ್ವಾರಕನಾಥರು ಕೆಮ್ಮುತ್ತಲೇ ಫೈಲು ತೆಗೆದು ಕೋಚನ ಮುಂದೆ ಚಾಚಿದರು. "ಸರ್, ಇದು ನನ್ನ ಮಗನದು. ಎಲ್ಲ ವಿಷಯದಲ್ಲೂ ಒಂದು."

ಕೋಚ್ ಕಣ್ಣೊರೆಸಿಕೊಂಡು ಸ್ವರೂಪನನ್ನು ಮೇಲಿನಿಂದ ಕೆಳಗೆ ನೋಡಿದ. ಹೆಚ್ಚು ಹೊತ್ತು ಹಿಡಿಯಲಿಲ್ಲ. "ಯಾವ ಕ್ಲಬ್ಬಿನಲ್ಲಿ ಆಡುತ್ತಾನೆ?"

"ಆಡೋದಾ? ಇವ್ನು ಆಡಲ್ಲ ಸರ್. ಓದ್ತಾನೆ."

"ಸಂತೋಷ. ಆದರೆ ನಾನು ಫುಟ್‌ಬಾಲ್ ಕೋಚ್."

ದ್ವಾರಕನಾಥರು ಕೋಚನ್ನು ನೋಡಿದರು, ಪವಿಯನ್ನು ನೋಡಿದರು, ಕಡೆಗೆ ಸುನಿಲನನ್ನು. ಅವರ ಮುಖಕ್ಕೆ ನಗು ನಿಧಾನಕ್ಕೆ ಬಂತು, ಹಾಲು ಉಕ್ಕಿದ ಹಾಗೆ.

"ಅಯ್ಯೋ ಸುನಿಲ್! ಚೆಂಡಾಟಕ್ಕಾ! ನಾವೆಲ್ಲ ತಲೆ ನೋಡಿ ಕರೀತಿದಾರೆ ಅಂದ್ಕೊಂಡಿದ್ವಲ್ರೀ! ಗುಂಪಿನಲ್ಲಿ ಎಲ್ರೂ ಆಶೀರ್ವಾದ ಬೇರೆ ಮಾಡ್ಬಿಟ್ರಲ್ಲ!"

ಸುನಿಲ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಗಾಬರಿಯಾದರೆ ಅವನ ಬಾಯಿ ಅವನನ್ನು ಕೇಳುವುದಿಲ್ಲ. "ಏ, ಅದೇನಿಲ್ರಿ ದ್ವಾರಕನಾಥ ಅವರss, ಸುಮ್ನ... ಜಸ್ಟ್ ಹಾಬಿ ರೀ. ನಾಟ್ ಸೀರಿಯಸ್."

ನಮ್ಮ ಹುಡುಗರ ಕನ್ನಡದಲ್ಲಿ ಅರ್ಧ ಇಂಗ್ಲಿಷು. ಆ ಅರ್ಧ ಕೋಚನಿಗೆ ಪೂರ್ತಿ ತಿಳಿಯಿತು.

ಅವನು ಬೂಟು ಹಾಕಿಕೊಂಡ. ಲೇಸು ಬಿಗಿದ. ಸಾವಿತ್ರವ್ವಗೆ ಕೈಮುಗಿದ. ಸುನಿಲನಿಗೆ ಸಮಾಧಾನದಿಂದಲೇ ಹೇಳಿದ: "ನಮ್ಮಲ್ಲಿ ಹುಡುಗರು ಮುಂಜಾನೆ ಆಡಿ ಸುಸ್ತಾಗಿ, ಸಂಜೆ ಓದಿ ಸುಸ್ತಾಗಿ, ಮೊದಲ ವರ್ಷ ಎಲ್ಲರೂ ಅಳುತ್ತಾರೆ. ಅತ್ತು ಮನೆಗೆ ಫೋನು ಮಾಡುತ್ತಾರೆ. ಫೋನು ಎತ್ತುವವರಿಗೇ ಇದು ಹುಡುಗಾಟ ಆಗಿದ್ದರೆ ಆ ಹುಡುಗ ಉಳಿಯುವುದಿಲ್ಲ. ನೀವು ನಿಜ ಹೇಳಿದಿರಿ, ಉಪಕಾರವಾಯಿತು. ಸ್ಟುಟ್‌ಗಾರ್ಟಿಗೆ ತಡವಾಗುತ್ತದೆ."

ಅವನು ಕಾರಿನ ಕಡೆ ನಡೆದ. ಹೊರಗೆ ತೆಳ್ಳಗೆ ಹಿಮ ಬಿದ್ದಿತ್ತು.

ಪವಿ ಅಜ್ಜಿಯನ್ನು ಕೆಳಗಿಳಿಸಿದ. ಈ ಹುಡುಗನಿಗೆ ಕನ್ನಡದಲ್ಲಿ ಕೇಳಿದರೆ ಜರ್ಮನಿನಲ್ಲಿ ಉತ್ತರ ಕೊಡುವ ಚಟ. ಆ ದಿನ ಅಪ್ಪನ ಮುಂದೆ ನಿಂತು ಕನ್ನಡದಲ್ಲೇ ಕೇಳಿದ.

"ಪಪ್ಪಾ, ನಾ ಆಡೋದು ನಿನಗ ನಾಚಿಕಿ ಏನು?"

ಸುನಿಲ ದ್ವಾರಕನಾಥರ ಕಡೆ ನೋಡಿದ.

"ನಾಚಿಕಿ ಆದ್ರ ಆಗ್ಲಿ. ಅಂವ ಕರೀಲಿ, ಬಿಡ್ಲಿ. ನಾ ಆಡಾಂವನ. ಓದಾಂವನೂ ಹೌದು. ಎರಡೂ ಮಾಡ್ತೀನಿ. ನಿನ್ನ ಬಳಗದ ಮುಂದೆ ನೀ ಏನರ ಹೇಳ್ಕೋ."

ದ್ವಾರಕನಾಥರು ಗಂಟಲು ಸರಿ ಮಾಡಿಕೊಂಡರು. "ನೋಡಿ ಸುನಿಲ್, ಹುಡುಗ್ರು ಹೀಗೆ ಎದುರು ಮಾತಾಡೋದು..."

"ಸುಮ್ನಿರ್ರಿ!" ಅಂದ ಸುನಿಲ.

ನಲವತ್ತೆಂಟು ವರ್ಷ ಅವನನ್ನು ಬಲ್ಲೆ. ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಅವನಿಗೇ ಅದು ಯಾರು ಅಂದದ್ದು ಅಂತ ತಿಳಿಯದೆ ಸುತ್ತ ನೋಡಿದ. ಆಮೇಲೆ ಬರೀ ಸಾಕ್ಸಿನಲ್ಲಿ ಹಿಮದ ಮೇಲೆ ಓಡಿದ.

ಕಾರು ಆಗಲೇ ಹೊರಟಿತ್ತು. ಸುನಿಲ ಅದರ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತ. ದಬ್ಬುವವನ ಅಪ್ಪ ಅಂತ ಅವತ್ತು ಮೊದಲ ಸಲ ಕಂಡಿತು. ಮತ್ತು ಕೂಗಿದ. ಇಂಗ್ಲಿಷಿನಲ್ಲಿ ಕೂಗಿದ, ಉಸಿರು ಸಾಲದಾದಾಗ ಕನ್ನಡದಲ್ಲಿ ಕೂಗಿದ, ಓಣಿಯ ಎಲ್ಲ ಕಿಟಕಿಗಳು ತೆರೆಯುವ ಹಾಗೆ ಕೂಗಿದ.

"ನಾ ಹೇಳಿದ್ದೆಲ್ಲಾ ಸುಳ್ಳು! ನನ್ನ ಮಗ ಮೈಗಳ್ಳ ಅಲ್ಲ! ಕತ್ತಲಿರ್ತಾನ ಎದ್ದು ಓಡ್ತಾನ! ಕೈಬೆರಳು ಮುರಿದಾಗ ಎಡಗೈಲೆ ಗಣಿತದ ಪರೀಕ್ಷಾ ಬರದ! ಇಂಥ ಹುಡುಗ ಸ್ಟುಟ್‌ಗಾರ್ಟಿನ್ಯಾಗ ಇಲ್ಲ! ಎಲ್ಲೂ ಇಲ್ಲ! ಫುಟ್‌ಬಾಲ್! ಫುಟ್‌ಬಾಲ್ ಆಡ್ತಾನ ನನ್ನ ಮಗ!"

"ಹೆರ್ ಹಾಲಸಿದ್ದಪ್ಪ! ಭಾನುವಾರ!" ಅಂತ ಚೀರಿದರು ಫ್ರಾವ್ ಕೆಲ್ಲರ್.

"ಆಗ್ಲಿ ಬಿಡ್ರಿ ಭಾನುವಾರ! ಪೊಲೀಸರನ್ನ ಕರೀರಿ! ಅವರ ಮುಂದೂ ಹೇಳ್ತೀನಿ!" ಇದನ್ನು ಅವನು ಜರ್ಮನಿನಲ್ಲಿ ಅಂದ. ವ್ಯಾಕರಣ ತಪ್ಪಿರಬೇಕು, ಆದರೆ ಆಕೆ ಬಾಯಿ ಮುಚ್ಚಿಕೊಂಡರು.

ನಾನು ಭಯದಿಂದ ಸಾವಿತ್ರವ್ವನ ಕಡೆ ನೋಡಿದೆ. ಓಣಿ ತುಂಬ ಕೇಳುವ ಹಾಗೆ ಹೆತ್ತ ಅಪ್ಪನೇ ಮಗನನ್ನು ಹೊಗಳುತ್ತಿದ್ದಾನೆ. ಇದಕ್ಕೆ ಎಷ್ಟು ಚೀಲ ಮೆಣಸಿನಕಾಯಿ ಬೇಕೋ! ಸಾವಿತ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬೀಳ್ಲಿ!" ಅಂದಳು. "ಬೀಳ್ಲಿ ದೃಷ್ಟಿ! ಇಷ್ಟು ದಪ್ಪ ಹುಡುಗ, ತಾಳ್ಕೋತಾನ! ಇನ್ನೂ ಹೇಳೋ ಸುನಿಲಾ!"

ಕಾರಿನ ಗಾಜು ಇಳಿಯಿತು. ಕೋಚ್ ತಲೆ ಹೊರಹಾಕಿದ.

"ಹಾಗಾದರೆ ಇಂಜೆಕ್ಷನ್ ವಿಷಯ?"

"ಅದೊಂದು ಖರೇ!" ಅಂದ ಸುನಿಲ.

ಕೋಚ್ ನಕ್ಕ. ಆ ನಗುವಿಗೆ ಕಾರು ಅಲ್ಲಾಡಿತು. "ಈಗ ಕೇಳಿಸಿತು," ಅಂದ. "ಮನೆಯವರ ಒಪ್ಪಿಗೆ ಇದೆಯೋ? ಇವತ್ತೇ ಬೇಕು."

ಸುನಿಲ ಅಭ್ಯಾಸದಂತೆ ನನ್ನ ಕಡೆ ತಿರುಗಿದ. ನಮ್ಮಲ್ಲಿ ಮೊದಲ ದಿನ ಯಾರೂ ಹೂಂ ಅನ್ನುವುದಿಲ್ಲ. ನಾಲ್ಕು ದಿನ ಬಿಟ್ಟು, ಹಿರಿಯರನ್ನು ಕೇಳಿ ತಿಳಿಸುತ್ತೇವೆ ಅನ್ನಬೇಕು. ನನ್ನ ಮದುವೆಗೆ ನಮ್ಮ ಅಪ್ಪ ಒಂದು ಹಂಗಾಮು ಕಾಯಿಸಿದ್ದ. ಆದರೆ ಹಿರಿಯನೇ ನಾನು, ನನಗಿಂತ ಹಿರಿಯರು ಯಾರೂ ಉಳಿದಿಲ್ಲ, ಕಾರು ಚಾಲೂ ಇದೆ.

"ಏನ್ ನನ್ನ ಮಾರಿ ನೋಡ್ತಿ? ಹೂಂ ಅನ್ನು," ಅಂದೆ.

"ಹೂಂ!" ಅಂತ ಸುನಿಲ ಕೂಗಿದ. ಇದನ್ನು ಮೇಘಾ ಇಂಗ್ಲಿಷಿಗೆ ತಿರುಗಿಸುವ ಅಗತ್ಯ ಬೀಳಲಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ದ್ವಾರಕನಾಥರು ಫೈಲು ಎದೆಗೆ ಒತ್ತಿಕೊಂಡು ಕಾರಿನ ಹತ್ತಿರ ಬಂದರು. "ಸರ್, ಆ ಆಟದಲ್ಲಿ ಬರೀ ಚೆಂಡು ಒದೆಯೋಕೆ ಅಂತಾನೂ ಒಬ್ಬ ಇರ್ತಾನಂತಲ್ಲ? ದಪ್ಪ ಇರ್ಬೇಕು ಅಂತೇನಿಲ್ವಂತೆ..."

"ಅಪ್ಪಾ, ದಮ್ಮಯ್ಯ, ಬನ್ನಿ," ಅಂತ ಸ್ವರೂಪ್ ತೋಳು ಹಿಡಿದು ಎಳೆದುಕೊಂಡು ಹೋದ.

ಕೋಚ್ ಸ್ಟುಟ್‌ಗಾರ್ಟಿಗೆ ಹೋಗಿ ಆ ಹುಡುಗನ ಮನೆಯಲ್ಲೂ ಚಹಾ ಕುಡಿದನಂತೆ. ರಾತ್ರಿ ಕಳಿಸಿದ ಹೆಸರು ಮಾತ್ರ ಪವಿಯದು. ಪುಸ್ತಕದ ಹುಳುಗಳು ಅದನ್ನು ಮಾರ್ಚಿನ ತನಕ ಕೊರೆದು, ಕಡೆಗೆ ಒಪ್ಪಿದರು. ಗುಂಪಿನಲ್ಲಿ ಕೆಲವರು ಅಭಿನಂದನೆ ಬರೆದರು, ಕೆಲವರು ನಗುವ ಮುಖ ಕಳಿಸಿದರು. ಸುನಿಲ ನಗುವ ಮುಖದವರಿಗೂ ಧನ್ಯವಾದ ಬರೆದ. ಫ್ರಾವ್ ಕೆಲ್ಲರ್ ಈಗ ಮೆಟ್ಟಿಲಲ್ಲಿ ಸಿಕ್ಕರೆ ಅವರೇ ಮೊದಲು ನಮಸ್ಕಾರ ಹೇಳುತ್ತಾರೆ. ಹೆದರಿಕೆಯೋ ಗೌರವವೋ ನಾವು ವಿಚಾರಿಸಲು ಹೋಗಿಲ್ಲ.

ವಿಮಾನದ ಟಿಕೀಟು ಕಳಿಸಿದವರು ಪಂಚಾಂಗ ನೋಡಿರಲಿಲ್ಲ. ಜುಲೈ ತಿಂಗಳು, ಮಂಗಳವಾರ, ಮೇಲೆ ಅಮಾವಾಸ್ಯೆ. ಗೌರಕ್ಕ ಫೋನಿನಲ್ಲಿ ಅತ್ತೇಬಿಟ್ಟಳು. "ಅಣ್ಣಾ, ಅಮಾಸಿ ದಿನಾ ಕೂಸನ್ನ ಹೊರಗ ಹಾಕ್ತೀರೇನು? ಒಂದಿನ ಮುಂದ ತಳ್ರಿ."

ಸಾವಿತ್ರವ್ವ ಫೋನು ಕಸಿದುಕೊಂಡಳು. "ಯಾಕ ತಳ್ಳೂಣು? ಅಮಾಸಿ ಎದುರಿಗೆ ಬಂದು ನಿಂತ್ರ ಅದನ್ನೂ ದಬ್ಬಿ ಹೋಗ್ತಾನ ನನ್ನ ಮೊಮ್ಮಗ. ಅದss ಅವನ ಕೆಲಸ."

ವಿಮಾನ ನಿಲ್ದಾಣದ ರೈಲು ಹತ್ತಿಸಲು ಸ್ಟೇಷನ್ನಿಗೆ ಹೋದೆವು, ಅಲ್ಲಿ ಯಾರೂ ಅಳಲಿಲ್ಲ. ಸುನಿಲ ಅಳಲಿಲ್ಲ ಅಂತ ಅವನು ಈಗಲೂ ಹೇಳುತ್ತಾನೆ. ಪವಿ ನನ್ನ ಕಾಲು ಮುಟ್ಟಿ, ಎದ್ದು, ಎರಡು ಬ್ಯಾಗು ಎರಡು ಹೆಗಲಿಗೆ ಹಾಕಿಕೊಂಡು, ಬಾಗಿಲಿಗೆ ಅಡ್ಡ ತಿರುಗಿ ಗಾಡಿ ಹತ್ತಿದ. ನಮ್ಮ ಮನೆತನದಲ್ಲಿ ಅಮಾವಾಸ್ಯೆಯ ಮಂಗಳವಾರ ಮನೆ ಬಿಟ್ಟು ಹೋದವನು ಅವನೊಬ್ಬನೇ.